ಒಂದು ತಾಟು, ಹಲವು ರಾಸಾಯನಿಕ: ಪದೇ ಪದೇ ಕೇಳುವ ಪ್ರಶ್ನೆಗಳು

ಜನತಾ ಬಜಾರಿನ ಕಾಯಿಪಲ್ಲೆ, ಬ್ಯಾಡಗಿ ಖಾರ, ಗದಗ ಕಡೆಯ ಬೋರ್ ನೀರು, ಸಂಜೆ ಒಂದು ಪ್ಲೇಟ್ ಗೋಬಿ. ಒಂದೊಂದರ ಬಗ್ಗೆಯೂ ಬೇರೆ ಬೇರೆ ಸುದ್ದಿ ಬರುತ್ತಲೇ ಇರುತ್ತದೆ. ಆದರೆ ಎಲ್ಲಾ ಹೋಗುವುದು ಒಂದೇ ಹೊಟ್ಟೆಗೆ ಅಲ್ವಾ? ಒಟ್ಟು ಸೇರಿದಾಗ ಎಷ್ಟಾಗುತ್ತದೆ, ಯಾವುದಕ್ಕೆ ಮೊದಲು ತಲೆಕೆಡಿಸಿಕೊಳ್ಳಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಪ್ರತಿಯೊಂದು ಪದಾರ್ಥವೂ ಸರ್ಕಾರದ ಮಿತಿಯ ಒಳಗೇ ಇದ್ದರೆ ಸಾಕಲ್ವಾ?

ಅಷ್ಟೇ ಸಾಕಾಗುವುದಿಲ್ಲ. ಇಲ್ಲಿ ಎರಡು ಬೇರೆ ಬೇರೆ ಮಿತಿಗಳಿವೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ಎಂಆರ್‌ಎಲ್. ಒಂದು ಕಿಲೋ ಬದನೆಕಾಯಿಯಲ್ಲಿ ಇಂಥ ಕೀಟನಾಶಕ ಇಷ್ಟು ಮಿಲಿಗ್ರಾಂ ದಾಟಬಾರದು ಎಂದು ಹೇಳುವ ಮಿತಿ ಇದು. ರೈತ ಲೇಬಲ್ ಓದಿ ಸರಿಯಾಗಿ ಹೊಡೆದರೆ ಕೊಯ್ಲಿನ ಹೊತ್ತಿಗೆ ಎಷ್ಟು ಉಳಿಯಬಹುದು ಎಂಬುದನ್ನು ನೋಡಿ ಇದನ್ನು ಇಡುತ್ತಾರೆ. ಅಂದರೆ ಇದು ಮುಖ್ಯವಾಗಿ ಹೊಲದ ಶಿಸ್ತಿನ ಅಳತೆ. ನಮ್ಮಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಇದನ್ನು ನಿಗದಿ ಮಾಡುತ್ತದೆ.

ಎರಡನೆಯದು ಎಡಿಐ. ಒಬ್ಬ ಮನುಷ್ಯ ಜೀವನಪೂರ್ತಿ ದಿನಾಲೂ ತಿಂದರೂ ತೊಂದರೆ ಕಾಣದ ಪ್ರಮಾಣ ಇದು. ಮೈತೂಕದ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಯಾವ ಪ್ರಮಾಣದಲ್ಲಿ ಏನೂ ಆಗಲಿಲ್ಲವೋ ಅದನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ 10, ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಇನ್ನೊಂದು 10.

ಎರಡೂ ಮಿತಿಗಳಿಗೆ ಒಂದೇ ಕೊರತೆ. ಒಂದು ಸಲಕ್ಕೆ ಒಂದೇ ರಾಸಾಯನಿಕವನ್ನು ನೋಡುತ್ತವೆ. ನಾಲ್ಕು ಅಂಗಡಿಯಲ್ಲಿ ಸ್ವಲ್ಪ ಸ್ವಲ್ಪ ಉದ್ರಿ ಮಾಡಿದವನನ್ನು ಯಾವ ಅಂಗಡಿಯವರೂ ತಡೆಯುವುದಿಲ್ಲ. ತಿಂಗಳ ಕೊನೆಗೆ ಒಟ್ಟು ಕೂಡಿಸಿದಾಗಲೇ ಗೊತ್ತಾಗುವುದು.

ಹಾಗಾದರೆ ಕೂಡಿಸುವುದು ಹೇಗೆ?

ಲೆಕ್ಕ ಸರಳವಿದೆ. ದೇಹಕ್ಕೆ ಹೋದ ಪ್ರಮಾಣವನ್ನು ಎಡಿಐನಿಂದ ಭಾಗಿಸಬೇಕು. ಪ್ರತಿಯೊಂದು ರಾಸಾಯನಿಕಕ್ಕೂ ಹೀಗೆ ಮಾಡಿ ಬಂದ ಉತ್ತರಗಳನ್ನು ಕೂಡಿಸಬೇಕು. ಇದಕ್ಕೆ ಹಜಾರ್ಡ್ ಇಂಡೆಕ್ಸ್ ಎನ್ನುತ್ತಾರೆ. ಒಟ್ಟು 1ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 1 ದಾಟಿದರೆ ಇನ್ನೂ ಕೂಲಂಕಷವಾಗಿ ನೋಡಬೇಕು.

ಒಂದು ಉದಾಹರಣೆ ನೋಡೋಣ. ಅಂಕಿ ಎದ್ದು ಕಾಣಲಿ ಎಂದು ಪ್ರಮಾಣವನ್ನು ಬೇಕಂತಲೇ ಜಾಸ್ತಿ ಇಟ್ಟಿದ್ದೇನೆ. 50 ಕಿಲೋ ತೂಕದ ಹೆಣ್ಣುಮಗಳು ಅನ್ನಿ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕಕ್ಕೆ ಇಟ್ಟ ಎಡಿಐ ಕಿಲೋ ಮೈತೂಕಕ್ಕೆ 0.01 ಮಿಲಿಗ್ರಾಂ. ಅಂದರೆ ಈಕೆಗೆ ದಿನಕ್ಕೆ 0.5 ಮಿಲಿಗ್ರಾಂ. ಪ್ರೊಫೆನೋಫಾಸ್ ಮತ್ತು ಅಸಿಫೇಟ್ ಎಂಬ ಇನ್ನೆರಡು ಕೀಟನಾಶಕಗಳಿಗೆ 0.03. ಅಂದರೆ ಇವು ಒಂದೊಂದೂ ದಿನಕ್ಕೆ 1.5 ಮಿಲಿಗ್ರಾಂ.

ಒಂದು ದಿನ ಬದನೆಕಾಯಿ ಎಣಗಾಯಿಯಿಂದ ಕ್ಲೋರ್‌ಪೈರಿಫಾಸ್ 0.15 ಮಿಲಿಗ್ರಾಂ ಹೋಯಿತು: 0.3. ಹಸಿಮೆಣಸಿನಕಾಯಿ, ಹೂಕೋಸಿನಿಂದ ಪ್ರೊಫೆನೋಫಾಸ್ 0.6 ಮಿಲಿಗ್ರಾಂ: 0.4. ಬೆಂಡೆಕಾಯಿ, ಟೊಮೆಟೊದಿಂದ ಅಸಿಫೇಟ್ 0.6 ಮಿಲಿಗ್ರಾಂ: ಇದೂ 0.4. ಒಂದೊಂದೇ ನೋಡಿದರೆ ಎಲ್ಲವೂ ಅರ್ಧ ಮಿತಿಗಿಂತ ಕೆಳಗೆ. ಕೂಡಿಸಿದರೆ 1.1.

1.1 ಬಂತೆಂದರೆ ಆಕೆಗೆ ಕಾಯಿಲೆ ಬರುತ್ತದೆ ಎಂದಲ್ಲ. ಮಧ್ಯೆ ಆ 100 ಪಟ್ಟಿನ ಅಂತರ ಇದ್ದೇ ಇದೆ. ಆದರೆ ಆ ಅಂತರವನ್ನು ನಾವು ತಿಂದು ಕಡಿಮೆ ಮಾಡುತ್ತಿದ್ದೇವೆ.

ಇನ್ನೊಂದು ಮಾತು. ಅಳತೆಗೋಲು ಬದಲಾದರೆ ಉತ್ತರವೂ ಬದಲಾಗುತ್ತದೆ. 2019ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಕ್ಲೋರ್‌ಪೈರಿಫಾಸ್‌ಗೆ ಸುರಕ್ಷಿತ ಪ್ರಮಾಣ ಎಂಬುದನ್ನು ಹೇಳಲು ಆಗುವುದಿಲ್ಲ ಎಂದಿತು. 2020ರಲ್ಲಿ ಅಲ್ಲಿ ಅದರ ಬಳಕೆ ನಿಂತಿತು. ಆ ಅಳತೆ ಹಿಡಿದರೆ ಮೇಲಿನ ಲೆಕ್ಕ ಮಾಡಲಿಕ್ಕೇ ಬರುವುದಿಲ್ಲ.

ಕಂಡದ್ದನ್ನೆಲ್ಲ ಹೀಗೆ ಕೂಡಿಸಬಹುದಾ?

ಇಲ್ಲ. ದೇಹದಲ್ಲಿ ಒಂದೇ ಕಡೆ, ಒಂದೇ ತರಹ ಪೆಟ್ಟು ಕೊಡುವವುಗಳನ್ನು ಕೂಡಿಸಬೇಕು. ಮೇಲಿನ ಮೂರೂ ಆರ್ಗನೋಫಾಸ್ಫೇಟ್ ಗುಂಪಿನವು. ಮೂರೂ ನರಗಳಲ್ಲಿರುವ ಒಂದೇ ಕಿಣ್ವವನ್ನು ಹಿಡಿದು ನಿಲ್ಲಿಸುತ್ತವೆ. ಹಾಗಾಗಿ ಕೂಡಿಸುವುದು ಸರಿ. ಮೂತ್ರಪಿಂಡಕ್ಕೆ ತೊಂದರೆ ಕೊಡುವ ಒಂದನ್ನು ಥೈರಾಯ್ಡ್‌ಗೆ ತೊಂದರೆ ಕೊಡುವ ಇನ್ನೊಂದರ ಜೊತೆ ಸುಮ್ನೆ ಕೂಡಿಸಿದರೆ ಬರುವ ಅಂಕಿಗೆ ಹೆಚ್ಚು ಅರ್ಥವಿಲ್ಲ. ಏನೂ ಗೊತ್ತಿಲ್ಲದಾಗ ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಕೂಡಿಸಿ ನೋಡುವುದುಂಟು. ಆಗಲೂ 1ರ ಒಳಗೇ ಬಂದರೆ ಕೆಲಸ ಅಲ್ಲಿಗೇ ಮುಗಿಯಿತು.

ಅಮೆರಿಕದಲ್ಲಿ 1996ರ ಒಂದು ಕಾನೂನು ಹೀಗೆ ಗುಂಪಾಗಿ ನೋಡುವುದನ್ನು ಕಡ್ಡಾಯ ಮಾಡಿತು. ಆರ್ಗನೋಫಾಸ್ಫೇಟ್‌ಗಳ ಒಟ್ಟು ಲೆಕ್ಕ ಮುಗಿಯಲು 2006 ಆಯಿತು. ಯುರೋಪಿನವರು ಎಲ್ಲಾ ರಾಸಾಯನಿಕಗಳಿಗೂ ಅನ್ವಯಿಸುವ ಮಾರ್ಗಸೂಚಿಯನ್ನು 2019ರಲ್ಲಿ ತಂದರು. 2020ರಲ್ಲಿ ಕೀಟನಾಶಕಗಳನ್ನು ನರಮಂಡಲ, ಥೈರಾಯ್ಡ್ ಎಂದು ಎರಡು ಗುಂಪು ಮಾಡಿ ಲೆಕ್ಕ ಹಾಕಿದರು. ಅಲ್ಲಿನ ಜನರ ಊಟದಲ್ಲಿ ಒಟ್ಟು ಅಪಾಯ ಕ್ರಮ ಕೈಗೊಳ್ಳಬೇಕಾದ ಮಟ್ಟಕ್ಕಿಂತ ಕೆಳಗಿದೆ ಎಂದು ಬಂತು. ಅದು ಅವರ ಊಟ, ಅವರ ಹೊಲಗಳ ಲೆಕ್ಕ. ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ ತಿನ್ನುವ ನಮಗೆ ಅದನ್ನೇ ತಂದು ಅಂಟಿಸಲು ಬರುವುದಿಲ್ಲ.

ಎರಡು ವಿಷ ಸೇರಿದರೆ ಹತ್ತು ಪಟ್ಟು ಆಗುತ್ತದೆ ಅಂತಾರಲ್ಲ?

ಆಗುವುದುಂಟು, ಆದರೆ ಅಪರೂಪ. 1957ರಲ್ಲಿ ಮಲಾಥಿಯಾನ್ ಮತ್ತು ಇಪಿಎನ್ ಎಂಬ ಎರಡು ಕೀಟನಾಶಕಗಳನ್ನು ಒಟ್ಟಿಗೆ ಕೊಟ್ಟಾಗ ಪ್ರಾಣಿಗಳಲ್ಲಿ ವಿಷದ ಪರಿಣಾಮ ಕೂಡಿದ ಲೆಕ್ಕಕ್ಕಿಂತ ಬಹಳ ಜಾಸ್ತಿ ಕಂಡಿತು. ಮಲಾಥಿಯಾನನ್ನು ಒಡೆದು ಹೊರಹಾಕುವ ಕಿಣ್ವವನ್ನೇ ಇಪಿಎನ್ ಕಟ್ಟಿಹಾಕಿತ್ತು. 2007ರಲ್ಲಿ ಉತ್ತರ ಅಮೆರಿಕದಲ್ಲಿ ನಾಯಿ, ಬೆಕ್ಕುಗಳ ತಿಂಡಿಯಲ್ಲಿ ಮೆಲಮೈನ್ ಮತ್ತು ಸಯನ್ಯೂರಿಕ್ ಆಮ್ಲ ಎರಡೂ ಇದ್ದವು. ಬಿಡಿ ಬಿಡಿಯಾಗಿ ಅಷ್ಟೇನೂ ವಿಷವಲ್ಲದ ಇವೆರಡು ಮೂತ್ರಪಿಂಡದಲ್ಲಿ ಸೇರಿ ಹರಳುಗಟ್ಟಿದವು. ಎಷ್ಟೋ ಸಾಕುಪ್ರಾಣಿಗಳು ಸತ್ತವು.

ಇಂಥವು ಸುದ್ದಿಯಾಗುತ್ತವೆ, ನೆನಪಿನಲ್ಲಿಯೂ ಉಳಿಯುತ್ತವೆ. ಆದರೆ ನಮ್ಮ ಊಟದಲ್ಲಿ ಇರುವಷ್ಟು ಸಣ್ಣ ಪ್ರಮಾಣದಲ್ಲಿ ಹೆಚ್ಚಿನವು ಕೂಡಿಕೆಯ ಲೆಕ್ಕದಲ್ಲೇ ನಡೆಯುತ್ತವೆ. ಹಾಗಾಗಿ ಕೂಡಿಸುವುದನ್ನು ಸರಿಯಾಗಿ ಮಾಡಿದರೆ ಮುಕ್ಕಾಲು ಕೆಲಸ ಆದಂತೆ. ವಾಟ್ಸಾಪ್‌ನಲ್ಲಿ ಬರುವ "ಇದರ ಜೊತೆ ಅದು ತಿಂದರೆ ಸಾವು" ಎಂಬ ವಿಡಿಯೋಗಳಿಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ ಬಹಳ ಎಣ್ಣಿ (ಕೀಟನಾಶಕ) ಹೊಡೀತಾರೆ. ತಿನ್ನಬಹುದಾ?

ತಿನ್ನಿ. ಮೆಣಸಿನಕಾಯಿ ಬೆಳೆಗೆ ನುಸಿ, ಥ್ರಿಪ್ಸ್ ಕಾಟ, ಎಲೆ ಮುದುರುವ ರೋಗ ಇರುವುದರಿಂದ ಸಿಂಪಡಣೆ ಜಾಸ್ತಿ ಎಂಬುದು ನಿಜ. ಒಂದೇ ಪಂಪಿಗೆ ಎರಡು ಮೂರು ಬಾಟಲಿ ಸುರಿಯುವ ರೂಢಿಯೂ ಇದೆ. ಹಾಗಾಗಿ ಒಂದೇ ಕಾಯಿಯಲ್ಲಿ ಹಲವು ಔಷಧಿಗಳ ಅಂಶ ಸಿಗುತ್ತದೆ. ಕಾಯಿ ಒಣಗಿದಾಗ ನೀರು ಹೋಗುತ್ತದೆ, ಔಷಧಿಯ ಅಂಶದಲ್ಲಿ ಬಹಳಷ್ಟು ಅಲ್ಲೇ ಉಳಿದು ಸಾಂದ್ರವಾಗುತ್ತದೆ.

ಆದರೆ ಎಷ್ಟು ತಿನ್ನುತ್ತೇವೆ ಎಂಬುದನ್ನೂ ನೋಡಬೇಕು. ಕಿಲೋಗೆ 1 ಮಿಲಿಗ್ರಾಂ ಔಷಧಿ ಇರುವ ಖಾರದ ಪುಡಿಯನ್ನು ದಿನಕ್ಕೆ 10 ಗ್ರಾಂ ತಿಂದರೆ ಹೊಟ್ಟೆಗೆ ಹೋಗುವುದು 0.01 ಮಿಲಿಗ್ರಾಂ. ಅಷ್ಟೇ ಔಷಧಿ ಇರುವ ಕಾಯಿಪಲ್ಲೆಯನ್ನು 200 ಗ್ರಾಂ ತಿಂದರೆ 0.2 ಮಿಲಿಗ್ರಾಂ, ಅಂದರೆ 20 ಪಟ್ಟು. ಲ್ಯಾಬ್ ವರದಿಯಲ್ಲಿ ಮಸಾಲೆಯ ಅಂಕಿ ಹೆದರಿಸುವಂತೆ ಕಾಣುತ್ತದೆ, ತಾಟಿನಲ್ಲಿ ಕಾಯಿಪಲ್ಲೆಯದೇ ಭಾರ ಜಾಸ್ತಿ.

ಖಾರಕ್ಕೆ ನನ್ನ ತಕರಾರು ಬೇರೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದಕ್ಕೇ ಅಗ್ಗದ ಪುಡಿಗೆ ಬಣ್ಣ ಬೆರೆಸಿ ಬ್ಯಾಡಗಿ ಎಂದು ಮಾರುವವರಿದ್ದಾರೆ. ಹೀಗೆ ಬೆರೆಸುವ ಸುಡಾನ್ ಎಂಬ ಕೃತಕ ಬಣ್ಣಗಳು ಊಟಕ್ಕೆ ಒಪ್ಪಿಗೆ ಇಲ್ಲದವು. ಬ್ಯಾಡಗಿಯಲ್ಲಿ ಡಬ್ಬಿ ತಳಿಯೋ ಕಡ್ಡಿ ತಳಿಯೋ, ಕಾಯಿಯನ್ನೇ ಕೊಂಡು, ತೊಟ್ಟು ಬಿಡಿಸುವಾಗ ಒಳಗೆ ಬೂಷ್ಟು ಇದೆಯಾ ನೋಡಿ, ಗಿರಣಿಯಲ್ಲಿ ಕಣ್ಣೆದುರು ಕುಟ್ಟಿಸಿಕೊಂಡು ಬರುವುದು ಒಳ್ಳೆಯದು.

ಶೇಂಗಾದಲ್ಲಿ ಅಂಥದ್ದೇನಿದೆ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ನನ್ನ ಪ್ರಕಾರ ನಮ್ಮ ಕಡೆಯ ತಾಟಿನಲ್ಲಿ ಕೀಟನಾಶಕಕ್ಕಿಂತ ಮೊದಲು ನೋಡಬೇಕಾದ್ದು ಇದು.

ಶೇಂಗಾ, ಗೋವಿನಜೋಳ, ಒಣಮೆಣಸಿನಕಾಯಿ ಸರಿಯಾಗಿ ಒಣಗದೆ ಇದ್ದರೆ ಒಂದು ಬಗೆಯ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಇದು ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾಗಿದೆ. ಹುರಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಿಂಡಿಯಲ್ಲಿ ಇದ್ದರೆ ಎಮ್ಮೆಯ ಹೊಟ್ಟೆ ಸೇರಿ, ರೂಪ ಬದಲಿಸಿ ಹಾಲಿಗೆ ಬರುತ್ತದೆ. ಹಾಲಿನಲ್ಲಿ ಅದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಅಂದರೆ ಬೆಳಗಿನ ಚಹಾ, ಮಧ್ಯಾಹ್ನದ ಶೇಂಗಾ ಚಟ್ನಿ, ಹಬ್ಬದ ಶೇಂಗಾ ಹೋಳಿಗೆ ಮೂರೂ ಒಂದೇ ಖಾತೆಗೆ ಜಮಾ ಆಗಬಹುದು.

ಜೊತೆಗೂಡಿದರೆ ಅಪಾಯ ಹೇಗೆ ಏರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಅಷ್ಟೇ ಅಫ್ಲಾಟಾಕ್ಸಿನ್ ಸುಮಾರು 30 ಪಟ್ಟು ಹೆಚ್ಚು ಪ್ರಬಲ ಎಂದು ಅಂತಾರಾಷ್ಟ್ರೀಯ ತಜ್ಞರ ಸಮಿತಿ ಅಂದಾಜು ಮಾಡಿದೆ. ಅಂದರೆ ಮಗುವಿಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆ ಶೇಂಗಾದ ವಿಷದ ಅಪಾಯವನ್ನೂ ಇಳಿಸುತ್ತದೆ.

ಗೋವಿನಜೋಳದಲ್ಲಿ ಫ್ಯುಮೊನಿಸಿನ್ ಎಂಬ ಇನ್ನೊಂದು ಶಿಲೀಂಧ್ರದ ವಿಷವೂ ಸೇರಿರುತ್ತದೆ. ಎರಡೂ ಒಟ್ಟಿಗೆ ಸಿಗುವ ವಿಷಯವನ್ನು ಅದೇ ಸಮಿತಿ 2016ರಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಿತು. ಇದು ದೂರದ ಮಾತಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಅಕಾಲಿಕ ಮಳೆಗೆ ನೆನೆದು ಬೂಷ್ಟು ಹಿಡಿದ ಬಿಳಿಜೋಳ, ಗೋವಿನಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಆಗಿತ್ತು. ಕಾರಣ ಫ್ಯುಮೊನಿಸಿನ್.

ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ. ಮೊರದಲ್ಲಿ ಹರಡಿ ಮುರುಟಿದ, ಕಪ್ಪಾದ, ಹಸಿರು ಬೂಷ್ಟು ಹಿಡಿದ ಕಾಳುಗಳನ್ನು ಆರಿಸಿ ಬಿಸಾಕಿ. ಬಾಯಲ್ಲಿ ಕಹಿ ಬಂದರೆ ಉಗುಳಿ, ನುಂಗಬೇಡಿ. ಆರಿಸಿ ತೆಗೆದ ಕಾಳನ್ನು ದನಕ್ಕೂ ಹಾಕಬೇಡಿ, ಎಣ್ಣೆ ತೆಗೆಸಲಿಕ್ಕೂ ಕೊಡಬೇಡಿ. "ಚೊಲೋ ಕಾಳು ಮಾರಾಕ, ಕೆಟ್ಟ ಕಾಳು ಮನಿಗೆ" ಎಂಬ ರೂಢಿ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಅದನ್ನು ಮೊದಲು ಬಿಡಬೇಕು.

ನಮ್ಮದು ಮುಂಡರಗಿ ಕಡೆ. ನೀರಿನಲ್ಲಿ ಫ್ಲೋರೈಡ್ ಇದೆ ಅಂತಾರೆ. ಊಟಕ್ಕೂ ಅದಕ್ಕೂ ಏನು ಸಂಬಂಧ?

ನೇರ ಸಂಬಂಧ ಇದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಗದಗ ಜಿಲ್ಲೆಯ ಹಲವು ಬೋರ್‌ಗಳಲ್ಲಿ ಇದು ಮೀರಿರುತ್ತದೆ.

ಜನ ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ, ಅಡುಗೆಗೆ ಬೋರ್ ನೀರನ್ನೇ ಬಳಸುತ್ತಾರೆ. ರೊಟ್ಟಿ ಹಿಟ್ಟಿಗೆ ಇಡುವ ಎಸರು, ಬೇಳೆ, ಅನ್ನ, ಚಹಾ ಎಲ್ಲಾ ಅದೇ ನೀರಿನಲ್ಲಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಚಹಾ ಸೊಪ್ಪಿನಲ್ಲಿ ತನ್ನದೇ ಫ್ಲೋರೈಡ್ ಬೇರೆ ಇರುತ್ತದೆ. ಸಣ್ಣ ಮಕ್ಕಳು ಪೇಸ್ಟ್ ನುಂಗಿದರೆ ಅದೂ ಸೇರಿತು. ಇಲ್ಲಿ ರಾಸಾಯನಿಕ ಒಂದೇ, ದಾರಿಗಳು ಹಲವು. ಅಡುಗೆಗೂ ಕ್ಯಾನ್ ನೀರು ಬಳಸಿದರೆ ದೊಡ್ಡ ದಾರಿ ಮುಚ್ಚಿದಂತೆ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭಾ ನೀರು ಬರುವುದರಿಂದ ನಳದ ನೀರು ಬಳಸುವವರಿಗೆ ಈ ತಲೆನೋವು ಕಡಿಮೆ.

ಗೋಬಿ ಮಂಚೂರಿ ಬಣ್ಣದ ಗಲಾಟೆ ಏನು?

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ಆದೇಶ ಬಂತು. ಪರೀಕ್ಷೆಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಇದನ್ನು ಕೂಡಿಸುವ ಲೆಕ್ಕಕ್ಕೇ ತರಬಾರದು, ಊಟದಲ್ಲಿ ಇರಲೇಬಾರದು.

ಒಪ್ಪಿಗೆ ಇರುವ ಬಣ್ಣಗಳಲ್ಲಿ ಮಾತ್ರ ಕೂಡಿಕೆಯ ಮಾತು ಬರುತ್ತದೆ. ನಮ್ಮ 2011ರ ನಿಯಮದಲ್ಲಿ ಎಂಟು ಕೃತಕ ಬಣ್ಣಗಳಿಗೆ ಅವಕಾಶವಿತ್ತು. ಒಂದೇ ಬಣ್ಣ ಇರಲಿ, ಬೆರೆಸಿದ್ದಿರಲಿ, ಹೆಚ್ಚಿನ ಪದಾರ್ಥಗಳಲ್ಲಿ ಒಟ್ಟು ಕಿಲೋಗೆ 100 ಮಿಲಿಗ್ರಾಂ ದಾಟಬಾರದು ಎಂದು ಬರೆದಿತ್ತು. ಕಾನೂನೇ ಇಲ್ಲಿ ಕೂಡಿಸಿ ನೋಡಿದೆ, ಗಮನಿಸಿ. 2007ರಲ್ಲಿ ಬ್ರಿಟನ್ನಿನಲ್ಲಿ ಬಣ್ಣಗಳ ಮಿಶ್ರಣ ಮತ್ತು ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್ ಸೇರಿದ ಪಾನೀಯವನ್ನು ಮಕ್ಕಳಿಗೆ ಕೊಟ್ಟು ನೋಡಿದ್ದರು. ಕೆಲವರಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಾಯಿತು. 2010ರಿಂದ ಯುರೋಪಿನಲ್ಲಿ ಅಂಥ ಆರು ಬಣ್ಣಗಳಿಗೆ ಲೇಬಲ್ ಮೇಲೆ ಎಚ್ಚರಿಕೆ ಹಾಕಬೇಕು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ತಿನ್ನಲು ನಿಂತಾಗ ಬಣ್ಣ ಇಲ್ಲದ್ದು ಕೊಡಿ ಎಂದು ಬಾಯಿಬಿಟ್ಟು ಕೇಳಿ. ಕೇಳುವವರು ಜಾಸ್ತಿಯಾದಷ್ಟೂ ಬಣ್ಣದ ಡಬ್ಬಿ ಒಳಗೆ ಹೋಗುತ್ತದೆ.

ತೊಳೆದರೆ ಔಷಧಿ ಹೋಗುತ್ತದಾ?

ಮೇಲೆ ಕೂತದ್ದು ಸಾಕಷ್ಟು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಅಸಿಫೇಟ್, ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ರಸದಲ್ಲೇ ಸೇರಿರುತ್ತವೆ. ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಹೂಕೋಸನ್ನು ಬಿಡಿಸಿದ ಮೇಲೆ ತೊಳೆಯಿರಿ. ಕೋಸಿನ ಹೊರಗಿನ ಎಲೆ ತೆಗೆಯಿರಿ. ಮೆಂತ್ಯ, ಪಾಲಕ್, ಕರಿಬೇವನ್ನು ಅಗಲವಾದ ಪಾತ್ರೆಯಲ್ಲಿ ಎರಡು ಮೂರು ನೀರು ಬದಲಿಸಿ ಜಾಲಿಸಿ. ಕರಿಬೇವಿನಲ್ಲಿ ಔಷಧಿ ಅಂಶ ಆಗಾಗ ಜಾಸ್ತಿ ಸಿಗುತ್ತದೆ, ಅಂಗಳದಲ್ಲಿ ಒಂದು ಗಿಡ ಇದ್ದರೆ ಅದೇ ಚೊಲೋ. ಸೋಪು, ಡಿಟರ್ಜೆಂಟ್ ಬೇಡವೇ ಬೇಡ.

ಬೇಯಿಸಿದರೆ ಎಲ್ಲಾ ಸರಿಹೋಗುತ್ತದೆ ಎಂದೂ ಇಲ್ಲ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಬೆಂದಾಗ ಅದರಲ್ಲಿ ಸ್ವಲ್ಪ ಭಾಗ ಥೈರಾಯ್ಡ್‌ಗೆ ತೊಂದರೆ ಕೊಡುವ ಇನ್ನೊಂದು ವಸ್ತುವಾಗುತ್ತದೆ. ಬೇಯಿಸುವ ಮೊದಲೇ ತೊಳೆಯಬೇಕಾದ್ದು ಅದಕ್ಕೇ.

ಮಕ್ಕಳಿಗೆ ಬೇರೆ ಲೆಕ್ಕವಾ?

ಹೌದು. ಎಲ್ಲವನ್ನೂ ಮೈತೂಕದ ಮೇಲೆ ನೋಡುವುದರಿಂದ ಮಕ್ಕಳ ಅಂಕಿ ಬೇಗ ಏರುತ್ತದೆ. 12 ಕಿಲೋ ಮಗು ಅರ್ಧ ಲೀಟರ್ ಹಾಲು ಕುಡಿದರೆ 60 ಕಿಲೋ ದೊಡ್ಡವರು ಎರಡೂವರೆ ಲೀಟರ್ ಕುಡಿದಂತೆ. 12 ವಾರದೊಳಗಿನ ಕೂಸುಗಳಿಗೆ ಎಡಿಐ ಅನ್ವಯಿಸುವುದೇ ಇಲ್ಲ ಎಂದು ತಜ್ಞರು ಹೇಳುತ್ತಾರೆ. ಆ ವಯಸ್ಸಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ.

ಸೀಸದ ವಿಷಯ ಇನ್ನೂ ಬಿಗಿ. ಅದಕ್ಕೆ ಇದ್ದ ವಾರದ ಮಿತಿಯನ್ನು 2010ರಲ್ಲಿ ಅಂತಾರಾಷ್ಟ್ರೀಯ ಸಮಿತಿ ಹಿಂದಕ್ಕೆ ತೆಗೆದುಕೊಂಡಿತು. ಇಷ್ಟು ಇದ್ದರೆ ಪರವಾಗಿಲ್ಲ ಎಂದು ಹೇಳಲು ಆಗಲಿಲ್ಲ. ಬಣ್ಣ ಬೆರೆಸಿದ ಅರಿಷಿಣ ಪುಡಿ, ಸೀಸ ಬೆರೆತ ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯಲ್ಲಿ ಮಾಡಿದ ಹುಳಿ ಸಾರು, ಗೋಡೆಯ ಹಳೆ ಬಣ್ಣದ ಧೂಳು ಎಲ್ಲಾ ಕೂಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇರುವ ಮಗು ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ.

ಹೊಲದಲ್ಲಿ ಔಷಧಿ ಹೊಡೆಯುವವರಿಗೆ?

ಅವರ ಒಟ್ಟು ಲೆಕ್ಕದಲ್ಲಿ ಊಟದ ಪಾಲು ಚಿಕ್ಕದು. ಚರ್ಮ, ಉಸಿರಿನ ಮೂಲಕ ಹೋಗುವುದೇ ದೊಡ್ಡದು. ಡಬ್ಬಿ ಮೇಲಿನ ತ್ರಿಕೋನ ನೋಡಿ: ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಹಸಿರು. ಎರಡು ಹಸಿರು ಸೇರಿಸಿದರೆ ಹಸಿರೇ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ಲೇಬಲ್‌ನಲ್ಲಿ ಹೇಳದ ಮಿಶ್ರಣ ಮಾಡಬೇಡಿ. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕು ಎಂಬುದೂ ಅಲ್ಲೇ ಬರೆದಿರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನು, ಹತ್ತಿರದ ರೈತ ಸಂಪರ್ಕ ಕೇಂದ್ರದವರನ್ನು ಕೇಳಿ. ಔಷಧಿ ಅಂಗಡಿಯವನ ಸಲಹೆಯಲ್ಲಿ ಅವನ ವ್ಯಾಪಾರವೂ ಸೇರಿರುತ್ತದೆ.

ಇದನ್ನೆಲ್ಲ ಕೇಳಿದರೆ ಕಾಯಿಪಲ್ಲೆ ತಿನ್ನುವುದೇ ಬೇಡ ಅನಿಸುತ್ತದೆ.

ಹಾಗೆ ಮಾಡಬೇಡಿ. ಕಾಯಿಪಲ್ಲೆ, ಹಣ್ಣು ಬಿಟ್ಟವರಿಗೆ ಆಗುವ ನಷ್ಟ ಈ ಲೆಕ್ಕದ ಅಪಾಯಕ್ಕಿಂತ ದೊಡ್ಡದು. ದಿನಾ ಒಂದೇ ಕಾಯಿಪಲ್ಲೆ ತಿನ್ನುವ ಬದಲು ಬದಲಿಸುತ್ತಾ ಇರಿ. ಒಂದೇ ಔಷಧಿ ದಿನಾಲೂ ಸೇರುವುದು ತಪ್ಪುತ್ತದೆ. ಜವಾರಿ, ಸಾವಯವ ಸಿಕ್ಕರೆ ಒಳ್ಳೆಯದೇ. ಆದರೆ ಸಾವಯವ ಶೇಂಗಾಕ್ಕೂ ಬೂಷ್ಟು ಹಿಡಿಯುತ್ತದೆ. ಜವಾರಿ ಎಂದು ಬುಟ್ಟಿಯಲ್ಲಿ ಇಟ್ಟು ಮಾರಿದ ಮಾತ್ರಕ್ಕೆ ಅದಕ್ಕೆ ಎಣ್ಣಿ ಹೊಡೆದಿಲ್ಲ ಎಂದೂ ಅಲ್ಲ.

ಅನುಮಾನ ಬಂದರೆ ಪರೀಕ್ಷೆ ಮಾಡಿಸಬಹುದಾ?

ಮಾಡಿಸಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನ ಪ್ರಕಾರ ಗಿರಾಕಿಯೂ ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಪರೀಕ್ಷೆಗೆ ಕೊಡಬಹುದು. ಹಾಗೆ ಮಾಡುವೆನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಬೇಕು. ವರದಿಯಲ್ಲಿ ತಪ್ಪು ಕಂಡುಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ. ಖರ್ಚು ಮಾಡುವ ಮನಸ್ಸಿಲ್ಲದಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ, ಮಾದರಿ ತೆಗೆಯುವ ಅಧಿಕಾರ ಅವರಿಗಿದೆ. ದೂರಿನಲ್ಲಿ ಅಂಗಡಿ, ದಿನಾಂಕ, ಬ್ಯಾಚ್ ನಂಬರ್ ಬರೆಯಿರಿ, ಬಿಲ್ ಇಟ್ಟುಕೊಳ್ಳಿ. ಲ್ಯಾಬ್‌ಗೆ ನೀವೇ ಕೊಡುವುದಾದರೆ ಎಷ್ಟು ಕೀಟನಾಶಕಗಳನ್ನು ಹುಡುಕುತ್ತಾರೆ ಎಂದು ಮೊದಲು ಕೇಳಿ. ವರದಿಯಲ್ಲಿ "ಮಿತಿಯೊಳಗಿದೆ" ಎಂಬ ಒಂದು ಸಾಲಿಗೆ ಒಪ್ಪಬೇಡಿ, ಪ್ರತಿಯೊಂದರ ಅಂಕಿಯನ್ನೂ ಬರೆಸಿಕೊಳ್ಳಿ. ಅಂಕಿ ಇಲ್ಲದೆ ಕೂಡಿಸಲು ಬರುವುದಿಲ್ಲ.